ಕಾರಿನ ಬ್ಯಾಟರಿ ನಾನೇ ಬದಲಿಸಿದ್ದು ಹೀಗೆ

ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು, ಎಂಜಿನ್ ಮಾತ್ರ ತಿರುಗುತ್ತಿರಲಿಲ್ಲ. ಮೊದಲು ಟರ್ಮಿನಲ್ (ಕೇಬಲ್ ಸೇರುವ ಬ್ಯಾಟರಿಯ ತುದಿ) ಉಜ್ಜಿ ಬಿಗಿ ಮಾಡಿ ನೋಡಿದೆ. ಎಷ್ಟೋ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಈ ಸಲ ಮುಗಿಯಲಿಲ್ಲ. ಪೂರ್ತಿ ಚಾರ್ಜ್ ಆದಮೇಲೆ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿದರೂ ಸ್ಟಾರ್ಟ್ ಮಾಡುವಾಗ 8ಕ್ಕೆ ಕುಸಿಯುತ್ತಿತ್ತು. ಆಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ ಎಂದೇ ಲೆಕ್ಕ.

ಹೊಸದನ್ನು ತರುವಾಗ ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ), ಅಳತೆ ಎರಡರ ಜೊತೆ ಪ್ಲಸ್ ಯಾವ ಬದಿಗಿದೆ ನೋಡಿ. ಬದಿ ತಪ್ಪಿದರೆ ಕೇಬಲ್ ಎಟುಕುವುದಿಲ್ಲ. ಸ್ಟಾರ್ಟ್-ಸ್ಟಾಪ್ (ಕಾರು ನಿಂತಾಗ ಎಂಜಿನ್ ತಾನೇ ಆರಿ, ಹೊರಡುವಾಗ ತಾನೇ ಶುರುವಾಗುವ ವ್ಯವಸ್ಥೆ) ಇರುವ ಕಾರಿಗೆ ಪದೇ ಪದೇ ಸ್ಟಾರ್ಟ್ ತಾಳುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು.

ಕೀ ತೆಗೆದಿಟ್ಟು, 10ರ ಸ್ಪ್ಯಾನರ್‌ನಿಂದ ಮೊದಲು ಮೈನಸ್ ಬಿಚ್ಚಬೇಕು. ಇದರಲ್ಲಿ ರಾಜಿ ಬೇಡ. ಕಾರಿನ ಬಾಡಿಯೆಲ್ಲ ಮೈನಸ್‌ಗೇ ಸೇರಿರುತ್ತದೆ. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್, ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಬರುವುದರಿಂದ ಆ ಕಿಡಿ ಅಪಾಯಕಾರಿ. ಬಿಚ್ಚಿದ ಮೈನಸ್ ಕೇಬಲ್ಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಆಮೇಲೆ ಪ್ಲಸ್, ಕೊನೆಗೆ ಬ್ಯಾಟರಿಯನ್ನು ಅಲುಗದಂತೆ ಹಿಡಿದಿಡುವ ಕ್ಲಾಂಪ್. 12–15 ಕಿಲೋ ಭಾರ ಇರುತ್ತದೆ, ಓರೆ ಮಾಡದೆ ನೇರವಾಗಿ ಎತ್ತಿ.

ಕೇಬಲ್ ತುದಿಯ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರೆಸಿ ಒಣಗಿಸಿ. ಜೋಡಿಸುವಾಗ ಕ್ಲಾಂಪ್, ನಂತರ ಪ್ಲಸ್, ಕೊನೆಗೆ ಮೈನಸ್. ಕ್ಲಾಂಪ್ ಸಡಿಲ ಬಿಟ್ಟರೆ ಅಲುಗಾಟಕ್ಕೆ ಒಳಗಿನ ಪ್ಲೇಟುಗಳು ಹಾಳಾಗುತ್ತವೆ. ಟರ್ಮಿನಲ್ ಸೀಸದ್ದು, ವಿಪರೀತ ಬಿಗಿಯಬೇಡಿ. ಕೈಯಲ್ಲಿ ತಿರುಗದಿದ್ದರೆ ಸಾಕು. ಮೇಲೆ ಸ್ವಲ್ಪ ವ್ಯಾಸಲಿನ್ ಸವರಿ.

ಗಡಿಯಾರ, ಕಿಟಕಿಯ ಆಟೋ ಸೆಟ್ಟಿಂಗ್ ಅಳಿಸಿಹೋಗಬಹುದು, ರೇಡಿಯೋ ಕೋಡ್ ಕೇಳಬಹುದು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬರದಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಿ.