ಬ್ಲೂಸ್ ಸೋಲೋಗೆ ಮೂರು ಸ್ವರ ಸಾಕು
ಪಿಯಾನೊದಲ್ಲಿ ಸಿ ಬ್ಲೂಸ್‌ನ 12 ಬಾರ್‌ಗಳ (ಒಂದು ಬಾರ್ ಅಂದರೆ ನಾಲ್ಕು ಬೀಟ್) ಮೇಲೆ ಸೋಲೋ ಶುರು ಮಾಡುವಾಗ ಸುಮ್ನೆ ಸ್ಕೇಲ್ ಪೂರ್ತಿ ಓಡಿಸಬೇಡಿ. ಎಡಗೈಯಲ್ಲಿ ಸಿ7 ಕಾರ್ಡ್‌ಗೆ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇ ಮತ್ತು ಬಿ ಫ್ಲಾಟ್ ಹಿಡಿಯಿರಿ. ಎಫ್7 ಕಾರ್ಡ್ ಬಂದಾಗ ಎರಡನ್ನೂ ಪಕ್ಕದ ಕೀಗೆ, ಅಂದರೆ ಅರ್ಧ ಸ್ವರ ಕೆಳಗಿಳಿಸಿದರೆ ಇ ಫ್ಲಾಟ್ ಮತ್ತು ಎ ಸಿಗುತ್ತವೆ.

ಬಲಗೈಯಲ್ಲಿ ಜಿ, ಇ, ಸಿ ಅಂತ ಚಿಕ್ಕ ತುಣುಕು ನುಡಿಸಿ, ಮುಂದಿನ ಬಾರ್ ಖಾಲಿ ಬಿಡಿ. ಕೇಳುವವರ ಕಿವಿಯಲ್ಲಿ ತುಣುಕು ನಿಲ್ಲೋದು ಆ ಖಾಲಿ ಜಾಗದಲ್ಲೇ. 5ನೇ ಬಾರ್‌ನಲ್ಲಿ ಎಫ್7 ಬಂದಾಗ ಅದನ್ನೇ ಮತ್ತೆ ನುಡಿಸಿ, ಇ ಬದಲು ಇ ಫ್ಲಾಟ್ ಹಾಕಿ: ಬದಲಾಗಿದ್ದು ಒಂದೇ ಕೀ, ಆದರೆ ಇಡೀ ಬ್ಲೂಸ್‌ನಲ್ಲಿ ನನಗೆ ತುಂಬಾ ಇಷ್ಟವಾದ ಕ್ಷಣ ಅದು. 9ನೇ ಬಾರ್‌ನಲ್ಲಿ ಆ ತುಣುಕಿಗೆ ಉತ್ತರದಂತೆ ಹೊಸ ತುಣುಕು ನುಡಿಸಿ.

ಮುಂದಿನ ಸುತ್ತಿನಲ್ಲಿ ಸ್ವರ ಹಾಗೇ ಇರಲಿ, ಅರ್ಧ ಬೀಟ್ ತಡವಾಗಿ ಶುರು ಮಾಡಿ. ಬಾಯಲ್ಲಿ ಹಾಡಿಕೊಂಡೇ ನುಡಿಸಿ, ಬೆರಳು ಜಾಸ್ತಿ ಓಡಲ್ಲ.