ಐದು ಲಕ್ಷದಲ್ಲಿ ನನ್ನದೆಷ್ಟು, ಅವರದೆಷ್ಟು

ಐದು ಲಕ್ಷ ಎಂಬ ಅಂಕಿ ಕಾಗದಕ್ಕಿಂತ ಮೊದಲು ಕ್ಯಾಂಟೀನಿಗೆ ಬಂದಿತ್ತು. 2019ರ ಅಕ್ಟೋಬರ್ ಮೊದಲ ವಾರ ಅದು. ಬೆಳಗಾವಿಯ ಉದ್ಯಮಬಾಗದಲ್ಲಿ ಲಾರಿಗಳ ಬಿಡಿಭಾಗಗಳನ್ನು ಎರಕ ಹೊಯ್ಯುವ ದೊಡ್ಡದೊಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನಾನಿದ್ದೆ. ದೇಶದಾದ್ಯಂತ ವಾಹನಗಳ ಮಾರಾಟ ಕುಸಿದ ವರ್ಷ. ಆಗಸ್ಟ್‌ನಲ್ಲಿ ಜಿಲ್ಲೆಗೆಲ್ಲ ನೆರೆ ಬಂದಿತ್ತು, ನಮ್ಮ ಕಾರ್ಖಾನೆಗೆ ಮಾತ್ರ ಆರ್ಡರುಗಳ ಬರ. ಎರಡು ಕುಲುಮೆಗಳಲ್ಲಿ ಒಂದು ತಣ್ಣಗಾಗಿತ್ತು.

ಸೆಪ್ಟೆಂಬರಿನಲ್ಲಿ ಹನ್ನೆರಡು ದಿನ ಲೇ-ಆಫ್ ಘೋಷಿಸಿದರು. ಟಿ.ವಿ.ಯಲ್ಲಿ ಲೇ-ಆಫ್ ಎಂದರೆ ಕೆಲಸವೇ ಹೋಯಿತು ಎಂದರ್ಥ. ನಮ್ಮ ಕಾರ್ಮಿಕ ಕಾನೂನಿನಲ್ಲಿ ಹಾಗಲ್ಲ. ಅದು ತಾತ್ಕಾಲಿಕ; ಹೆಸರು ಹಾಜರಿ ಪಟ್ಟಿಯಲ್ಲೇ ಇರುತ್ತದೆ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೈಗೆ ಬರುತ್ತದೆ. ಕಾಯಂ ಆಗಿ ಮನೆಗೆ ಕಳಿಸುವುದಕ್ಕೆ ಅಲ್ಲಿರುವ ಹೆಸರು ರಿಟ್ರೆಂಚ್‌ಮೆಂಟ್. ರಾಜೀನಾಮೆ ಮೂರನೆಯದು, ಸ್ವಯಂ ನಿವೃತ್ತಿ ನಾಲ್ಕನೆಯದು. ಮನೆಗೆ ಬಂದು ಕೂತವನಿಗೆ ನಾಲ್ಕೂ ಒಂದೇ ಎನಿಸಬಹುದು, ಆದರೆ ಕೈಗೆ ಬರುವ ಹಣ ಮಾತ್ರ ಒಂದೊಂದಕ್ಕೆ ಒಂದೊಂದು.

ಆಡಳಿತ ವಿಭಾಗದ ಕೋಣೆಗೆ ಒಬ್ಬೊಬ್ಬರನ್ನೇ ಕರೆದರು. ಮೇಜಿನ ಮೇಲೆ ಒಂದೇ ಹಾಳೆ. ‘ಸ್ವಂತ ಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ, ಎಲ್ಲ ಬಾಕಿಗಳೂ ಸೇರಿ ಒಟ್ಟು ₹5,00,000 ಪಡೆಯಲು ಒಪ್ಪಿದ್ದೇನೆ’ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ. ಮೂರು ದಿನದೊಳಗೆ ಸಹಿ ಮಾಡಿದರೆ ಇನ್ನೂ ಹದಿನೈದು ಸಾವಿರ. ಸುಳ್ಳೇಕೆ ಹೇಳಲಿ, ನಾನು ಪೆನ್ನು ಕೈಗೆತ್ತಿಕೊಂಡಿದ್ದೆ. ಒಟ್ಟಿಗೆ ಐದು ಲಕ್ಷವನ್ನು ನಾನು ಕಂಡವನಲ್ಲ, ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಳು. ನನ್ನನ್ನು ತಡೆದದ್ದು ಬುದ್ಧಿವಂತಿಕೆಯಲ್ಲ, ಕನ್ನಡಕ. ಅದು ಲಾಕರಿನಲ್ಲಿ ಉಳಿದಿತ್ತು.

“ಸಾಹೇಬರೇ, ಓದಿ ನಾಳೆ ತರುತ್ತೇನೆ” ಎಂದೆ. ಹಾಳೆಯನ್ನು ಹೊರಗೆ ಒಯ್ಯುವಂತಿಲ್ಲ ಎಂದರು. ಹೋಗಿ ಕನ್ನಡಕ ತಂದು, ಅಲ್ಲೇ ನಿಂತು ಓದಿದೆ. ತಿರಸ್ಕರಿಸಿದ ಎರಕಕ್ಕೆ ಕಟ್ಟುವ ಕೆಂಪು ಚೀಟಿಯೊಂದು ಜೇಬಿನಲ್ಲಿತ್ತು. ಅದರ ಬೆನ್ನಿಗೆ ಮುಖ್ಯವಾದ ಸಾಲುಗಳನ್ನೂ ಅಂಕಿಗಳನ್ನೂ ಬರೆದುಕೊಂಡು ಬಂದೆ. ಆ ಚೀಟಿ ಇವತ್ತಿಗೂ ನನ್ನ ಬಳಿ ಇದೆ.

ಸಂಜೆ ವಡಗಾವಿಗೆ ಹೋದೆ. ನಮ್ಮಲ್ಲೇ ಪ್ಯಾಟರ್ನ್ ವಿಭಾಗದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ಅಲ್ಲಿದ್ದಾರೆ, ಎಲ್ಲರಿಗೂ ಕಾಕಾ. ಯೂನಿಯನ್ನಿನ ಲೆಕ್ಕಪತ್ರ ನೋಡಿಕೊಂಡಿದ್ದವರು. ಚೀಟಿ ನೋಡಿ ಅವರು ಕೇಳಿದ್ದು ಒಂದೇ ಮಾತು: “ಗ್ರಾಚ್ಯುಟಿ ಯಾರ ದುಡ್ಡಪ್ಪಾ, ನಿನ್ನದೋ ಅವರದೋ?”

ಗ್ರಾಚ್ಯುಟಿ ಎಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಹಣ. ಕಾಕಾ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ರಾತ್ರಿ ಹನ್ನೊಂದು ಹೊಡೆಯಿತು. ನನ್ನ ತಿಂಗಳ ಒಟ್ಟು ವೇತನ ₹28,600. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ₹17,160. ಸೇರಿದ್ದು 2003ರ ಮಾರ್ಚ್‌ನಲ್ಲಿ, ಬಿಡಬೇಕೆಂದದ್ದು ಅಕ್ಟೋಬರ್ ಕೊನೆಗೆ. ಅಂದರೆ ಹದಿನಾರು ವರ್ಷ ಏಳು ತಿಂಗಳು. ಆರು ತಿಂಗಳು ದಾಟಿದ ತುಂಡು ಕಾಲವನ್ನು ಪೂರ್ಣ ವರ್ಷವೆಂದೇ ಎಣಿಸಬೇಕು, ಹಾಗಾಗಿ ಹದಿನೇಳು.

ಗ್ರಾಚ್ಯುಟಿ ಲೆಕ್ಕಕ್ಕೆ ತಿಂಗಳೆಂದರೆ ಇಪ್ಪತ್ತಾರು ದಿನ. 17,160ನ್ನು 26ರಿಂದ ಭಾಗಿಸಿದರೆ ದಿನಕ್ಕೆ 660. ವರ್ಷಕ್ಕೆ ಹದಿನೈದು ದಿನದಂತೆ ಹದಿನೇಳು ವರ್ಷಕ್ಕೆ ₹1,68,300. ಇದು ಐದು ವರ್ಷ ಸೇವೆ ಮುಗಿಸಿದವನು ರಾಜೀನಾಮೆ ಕೊಟ್ಟರೂ ಸಿಗಬೇಕಾದ ಹಣ. ಉಳಿದಿದ್ದ ಗಳಿಕೆ ರಜೆ 38 ದಿನ, ದಿನಕ್ಕೆ ₹1,100ರಂತೆ ₹41,800. ಇದೂ ನನ್ನದೇ. ಐದು ಲಕ್ಷದಿಂದ ಇವೆರಡನ್ನೂ ಕಳೆದರೆ ಕಾರ್ಖಾನೆ ನಿಜವಾಗಿ ತನ್ನ ಕೈಯಿಂದ ಕೊಡುತ್ತಿದ್ದುದು ₹2,89,900.

ಈಗ ಇನ್ನೊಂದು ಬದಿ. ಅವರೇ ನನ್ನನ್ನು ಕಾನೂನುಬದ್ಧವಾಗಿ ತೆಗೆದಿದ್ದರೆ ಎಷ್ಟು ಕೊಡಬೇಕಿತ್ತು? ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನ. ಇಲ್ಲಿ ವೇತನವೆಂದರೆ ಬರೀ ಮೂಲ ವೇತನವಲ್ಲ, ಭತ್ಯೆಗಳೂ ಸೇರುತ್ತವೆ. ಅರ್ಧ ತಿಂಗಳೆಂದರೆ ₹14,300. ಹದಿನೇಳು ವರ್ಷಕ್ಕೆ ₹2,43,100. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಯಲ್ಲಿ ಇದರ ಮೇಲೆ ಮೂರು ತಿಂಗಳ ನೋಟಿಸ್, ಇಲ್ಲವೇ ಅದರ ಸಂಬಳ ₹85,800. ಒಟ್ಟು ₹3,28,900. ಅಂದರೆ ‘ಕಂಪನಿ ಉದಾರವಾಗಿ ಕೊಡುತ್ತಿದೆ’ ಎಂದು ಕ್ಯಾಂಟೀನಿನಲ್ಲಿ ಹೊಗಳಿಸಿಕೊಂಡ ಮೊತ್ತ ಕಾನೂನಿನ ಕನಿಷ್ಠಕ್ಕಿಂತಲೂ ಮೂವತ್ತೊಂಬತ್ತು ಸಾವಿರ ಕಡಿಮೆ. ಮೇಲಿನ ಹದಿನೈದು ಸಾವಿರ ಸೇರಿಸಿದರೂ ಅಂತರ ತುಂಬುತ್ತಿರಲಿಲ್ಲ.

ಹಾಗಾದರೆ ತೆಗೆದುಹಾಕದೆ ರಾಜೀನಾಮೆಯನ್ನೇ ಏಕೆ ಕೇಳುತ್ತಿದ್ದರು? ಕಾಕಾ ನಕ್ಕರು. ನೂರು ದಾಟಿದ ಕಾರ್ಖಾನೆ ಕಾರ್ಮಿಕರನ್ನು ಕಡಿತಗೊಳಿಸಲು ಸರ್ಕಾರದ ಪೂರ್ವಾನುಮತಿ ಪಡೆಯಬೇಕಿತ್ತು. ಅನುಮತಿಯಿಲ್ಲದೆ ತೆಗೆದರೆ ಅದು ಅಕ್ರಮ, ತೆಗೆದೇ ಇಲ್ಲ ಎಂಬ ಲೆಕ್ಕ, ಸಂಬಳವೆಲ್ಲ ಕೊಡಬೇಕು. ಅರ್ಜಿ, ವಿಚಾರಣೆ, ಕಾರಣಗಳ ದಾಖಲೆ, ಇದ್ಯಾವುದೂ ಬೇಡವೆಂದರೆ ಇರುವ ದಾರಿ ಒಂದೇ: ಕಾರ್ಮಿಕನೇ ಬರೆದುಕೊಡಬೇಕು. ಹದಿನೇಳು ವರ್ಷ ಅವರ ಸಹಿಗಾಗಿ ನಾನು ಕಾದಿದ್ದೆ, ರಜೆಗೆ, ಮುಂಗಡಕ್ಕೆ, ಗೇಟ್ ಪಾಸಿಗೆ. ಈಗ ಅವರಿಗೆ ನನ್ನ ಸಹಿ ಬೇಕಾಗಿತ್ತು. ಇದು ತಲೆಗೆ ಹೋದ ಮೇಲೆ ಹೆದರಿಕೆ ಅರ್ಧ ಇಳಿಯಿತು.

ಮರುದಿನ ನಾವು ಇಪ್ಪತ್ತೆರಡು ಜನ ಒಟ್ಟಿಗೆ ಹೋಗಿ ಸಹಿ ಮಾಡುವುದಿಲ್ಲ ಎಂದೆವು. ಆಗ ಅವರು ಒಂದು ಹೊಸ ದಾಳ ಉರುಳಿಸಿದರು. ನೀವು ಕಾರ್ಮಿಕರೇ ಅಲ್ಲ, ಸೂಪರ್‌ವೈಸರ್. ಕಾಯ್ದೆ ನಿಮಗೆ ಅನ್ವಯಿಸುವುದಿಲ್ಲ ಎಂದು ನನಗೂ ಇನ್ನು ನಾಲ್ವರಿಗೂ ಹೇಳಿದರು. 2014ರಲ್ಲಿ ನನಗೆ ‘ಹಿರಿಯ ಸೂಪರ್‌ವೈಸರ್’ ಎಂಬ ಹುದ್ದೆ ಕೊಟ್ಟಾಗ ಊರಿಗೆಲ್ಲ ಕುಂದಾ ಹಂಚಿದ್ದೆ. ಸಂಬಳ ಏರಿದ್ದು ಎಂಟುನೂರು ರೂಪಾಯಿ. ಆ ಬಿರುದು ಈಗ ಕುತ್ತಿಗೆಗೆ ಬಂತು. ಆದರೆ ಕಾನೂನು ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನವಿಡೀ ಮಾಡುವ ಕೆಲಸವನ್ನು. ನಾನು ಯಾರ ರಜೆಯನ್ನೂ ಮಂಜೂರು ಮಾಡಿದವನಲ್ಲ, ಯಾರಿಗೂ ನೋಟಿಸ್ ಕೊಟ್ಟವನಲ್ಲ. ವರ್ನಿಯರ್ ಹಿಡಿದು ಅಳತೆ ನೋಡುವುದು, ಬಿರುಕಿದ್ದರೆ ಕೆಂಪು ಚೀಟಿ ಕಟ್ಟುವುದು, ಇದೇ ಕೆಲಸ. ನನ್ನ ಕೈಬರಹದ ತಪಾಸಣಾ ವರದಿಗಳ ನಕಲುಗಳನ್ನು ಮುಂದಿಟ್ಟೆ. ಆ ವಾದ ಮತ್ತೆ ಏಳಲಿಲ್ಲ.

ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೂ ಹೋಗಿ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆವು. ಮೊಹರಿನ ಪ್ರತಿ ಕಾರ್ಖಾನೆಗೆ ತಲುಪಿದ ವಾರದೊಳಗೆ ಮಾತುಕತೆಗೆ ಕರೆ ಬಂತು.

ಮಾತುಕತೆಯಲ್ಲಿ ಹೆಚ್ಚು ಬೆವರು ಹರಿದದ್ದು ‘ಸರಾಸರಿ’ ಎಂಬ ಒಂದು ಪದದ ಮೇಲೆ. ತಿಂಗಳ ಸಂಬಳದವರಿಗೆ ಸರಾಸರಿ ಎಂದರೆ ಹಿಂದಿನ ಮೂರು ಪೂರ್ಣ ತಿಂಗಳ ವೇತನದ ಸರಾಸರಿ. ಅವರ ಪಟ್ಟಿಯಲ್ಲಿ ಜುಲೈ, ಆಗಸ್ಟ್, ಸೆಪ್ಟೆಂಬರ್ ತೆಗೆದುಕೊಂಡಿದ್ದರು. ಸೆಪ್ಟೆಂಬರಿನಲ್ಲಿ ಹನ್ನೆರಡು ದಿನ ಅರ್ಧ ಸಂಬಳವಿತ್ತಲ್ಲ! ಕೆಲಸವಿಲ್ಲವೆಂದು ಅವರೇ ಮನೆಯಲ್ಲಿ ಕೂರಿಸಿದ ದಿನಗಳು ನನ್ನ ಹದಿನೇಳು ವರ್ಷಗಳ ಬೆಲೆಯನ್ನೇ ಇಳಿಸುತ್ತಿದ್ದವು. ಆ ಮೂರೂ ತಿಂಗಳು ಪೂರ್ತಿ ಕೆಲಸ ನಡೆಯದಿದ್ದರೆ, ನಿಜವಾಗಿ ಕೆಲಸ ಮಾಡಿದ ಅವಧಿಯ ವೇತನದಿಂದ ಸರಾಸರಿ ತೆಗೆಯಬೇಕೆಂದು ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ಆ ಸಾಲಿನ ಕೆಳಗೆ ಪೆನ್ಸಿಲ್ ಎಳೆದು ತೋರಿಸಿದೆವು. ಪೂರ್ಣ ₹28,600ನ್ನೇ ಹಿಡಿಯಲು ಒಪ್ಪಿದರು.

ಕೊನೆಗೆ ಕುದುರಿದ್ದು ವರ್ಷಕ್ಕೆ ಒಂದು ತಿಂಗಳ ಪೂರ್ಣ ವೇತನ, ಅಂದರೆ ₹4,86,200. ಗ್ರಾಚ್ಯುಟಿ ಮತ್ತು ರಜೆಯ ಹಣ ಬೇರೆ. ಒಟ್ಟು ₹6,96,300. ‘ವರ್ಷಕ್ಕೊಂದು ತಿಂಗಳು’ ಎನ್ನುವುದು ಯಾವ ಕಾಯ್ದೆಯಲ್ಲೂ ಇರಲಿಲ್ಲ. ಜನರ ಬಾಯಲ್ಲಿ ಅದು ಹಕ್ಕಿನಂತೆ ಓಡಾಡುತ್ತದೆ, ನಿಜದಲ್ಲಿ ಅದು ಚೌಕಾಸಿಯ ಫಲ. ಇಬ್ಬರು ಇನ್ನೂ ಎಳೆಯೋಣ ಎಂದರು. ನನಗೆ ಸಾಕೆನಿಸಿತ್ತು, ನ್ಯಾಯಾಲಯದ ವರ್ಷಗಳನ್ನು ಎಣಿಸುವಷ್ಟು ಗಟ್ಟಿ ಎದೆ ನನ್ನದಲ್ಲ.

ಕಾಗದದ ಮೇಲಿನ ‘ರಾಜೀನಾಮೆ’ ಎಂಬ ಪದವನ್ನು ಹೊಡೆಸಿ, ಎಲ್ಲರಿಗೂ ಅನ್ವಯಿಸುವ ‘ಸ್ವಯಂ ನಿವೃತ್ತಿ ಯೋಜನೆ’ ಎಂದು ಬರೆಸಿದೆವು. ಆದಾಯ ತೆರಿಗೆಯ ನಿಯಮಗಳಿಗೆ ಹೊಂದುವ ಅಂತಹ ಯೋಜನೆಯಲ್ಲಿ ಐದು ಲಕ್ಷದವರೆಗೆ ತೆರಿಗೆ ವಿನಾಯಿತಿಯಿತ್ತು. ಬರೀ ರಾಜೀನಾಮೆಯ ಜೊತೆ ಕೊಟ್ಟ ಹಣಕ್ಕೆ ಆ ರಕ್ಷಣೆ ಇಲ್ಲ.

ಎಲ್ಲರೂ ನಮ್ಮಷ್ಟು ತಡೆಯಲಿಲ್ಲ. ಫೆಟ್ಲಿಂಗ್ ವಿಭಾಗದ ಖಾನಾಪುರದ ಕಡೆಯ ಹುಡುಗನೊಬ್ಬ ಮೊದಲ ದಿನವೇ ಸಹಿ ಹಾಕಿದ್ದ. ಅವನ ಸಂಬಳ ಇಪ್ಪತ್ತೊಂದು ಸಾವಿರದೊಳಗೆ, ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ಕಂತು, ಕಡಿತವಾಗುತ್ತಿತ್ತು. ಕಡಿತಗೊಂಡ ಕಾರ್ಮಿಕರಿಗೆ ಇಎಸ್‌ಐನಲ್ಲಿ ನಿರುದ್ಯೋಗ ಭತ್ಯೆಯ ಯೋಜನೆಯಿತ್ತು. ಕೇಳಲು ಹೋದಾಗ ತಾನೇ ಬರೆದುಕೊಟ್ಟ ರಾಜೀನಾಮೆ ಅಡ್ಡ ನಿಂತಿತು. ಅವನಿಗೆ ಹೇಳುವವರು ಯಾರೂ ಇರಲಿಲ್ಲ, ನನಗೆ ಕಾಕಾ ಇದ್ದರು. ಇಬ್ಬರಿಗೂ ಇದ್ದ ವ್ಯತ್ಯಾಸ ಅಷ್ಟೇ.

ನಾನೂ ಒಂದು ತಪ್ಪು ಮಾಡಿದೆ. ಎರಡು ತಿಂಗಳು ಕಳೆಯುತ್ತಲೇ ಭವಿಷ್ಯ ನಿಧಿಯನ್ನು ಪೂರ್ತಿ ಬಿಡಿಸಿಕೊಂಡು ಮನೆಯ ಮೇಲೊಂದು ಕೋಣೆ ಕಟ್ಟಿಸಿದೆ. ಅದರಲ್ಲಿ ಈಗ ಹಳೆಯ ಕಬ್ಬಿಣದ ಕಪಾಟು ಮತ್ತು ಸೈಕಲ್ ಇವೆ. ಪಿಂಚಣಿ ಭಾಗ ಮಾತ್ರ ಉಳಿಯಿತು, ಹತ್ತು ವರ್ಷ ದಾಟಿದವರು ಅದನ್ನು ಬಿಡಿಸಿಕೊಳ್ಳಲು ಬರುವುದಿಲ್ಲವಾದ್ದರಿಂದ.

ಈಗ ಲೆಕ್ಕದ ಕೆಲವು ಅಂಶಗಳು ಬದಲಾಗಿವೆ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವರ್ಷಕ್ಕೆ ಹದಿನೈದು ದಿನ ಎಂಬುದು ಹಾಗೆಯೇ ಇದೆ. ಆದರೆ ಸರ್ಕಾರದ ಅನುಮತಿ ಬೇಕಾಗುವುದು ಮುನ್ನೂರು ಕಾರ್ಮಿಕರಿಂದ ಮೇಲೆ. ನಮ್ಮ ಕಾರ್ಖಾನೆಯಲ್ಲಿ ಆಗ ಇದ್ದದ್ದು ಇನ್ನೂರ ನಲವತ್ತು ಚಿಲ್ಲರೆ. ಇಂದಾಗಿದ್ದರೆ ನನ್ನ ಸಹಿಗೆ ಅಷ್ಟು ಬೆಲೆ ಇರುತ್ತಿರಲಿಲ್ಲ. ಅದಕ್ಕೆ ಬದಲಾಗಿ ಎಂಬಂತೆ, ಕಡಿತಗೊಂಡವರ ಖಾತೆಗೆ, ಹೊಸ ಕೆಲಸ ಕಲಿಯಲೆಂದು ಇರುವ ಮರುಕೌಶಲ ನಿಧಿಯಿಂದ ಹದಿನೈದು ದಿನದ ವೇತನ ನಲವತ್ತೈದು ದಿನದೊಳಗೆ ಬೀಳಬೇಕು. ಇನ್ನೂರ ನಲವತ್ತು ಜನರ ಕಾರ್ಖಾನೆಯವನಿಗೆ ಇದು ಒಳ್ಳೆಯ ವಿನಿಮಯವೇ? ನನಗೆ ಹಾಗೆನಿಸುವುದಿಲ್ಲ.

ನಮ್ಮ ಪರಿಹಾರದ ಹಣ ಹೇಳಿದ ದಿನಕ್ಕೆ ಬಂತು. ಗ್ರಾಚ್ಯುಟಿ ಬರಲಿಲ್ಲ. ಮೂವತ್ತು ದಿನದೊಳಗೆ ಕೊಡಬೇಕು, ಬಂದದ್ದು ನಲವತ್ತೊಂದನೇ ದಿನ. ತಡವಾದರೆ ಬಾಕಿಯಾದ ದಿನದಿಂದಲೇ ಶೇ. 10ರ ಸರಳ ಬಡ್ಡಿ. ಕಾಕಾ ಕಾಗದದ ಮೇಲೆ ಗುಣಿಸಿ ಕೊಟ್ಟರು: ₹1,890. ಅರ್ಜಿ ಹಿಡಿದು ಮೂರನೇ ರೈಲ್ವೆ ಗೇಟು ದಾಟಿ ಮತ್ತೆ ಅದೇ ಕಾರ್ಖಾನೆಗೆ ಹೋದೆ. ಲೆಕ್ಕಪತ್ರ ವಿಭಾಗದ ಹುಡುಗ, “ಏಳು ಲಕ್ಷ ತೆಗೆದುಕೊಂಡವರು ಇಷ್ಟಕ್ಕೂ ಬಂದಿರಾ ಅಣ್ಣಾ?” ಎಂದು ನಕ್ಕ. ನಾನೂ ನಕ್ಕೆ, ಆದರೆ ಕುರ್ಚಿಯಿಂದ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚೆಕ್ ಬಂತು. ಹಿಂದಿರುಗುವಾಗ ಅರ್ಧ ಕಿಲೋ ಕುಂದಾ ಕಟ್ಟಿಸಿಕೊಂಡು ವಡಗಾವಿಯ ಕಡೆ ಹೊರಟೆ.