ರಾಜೀನಾಮೆಗೆ ಸಹಿ ಹಾಕುವ ಮುನ್ನ: ಕೆಲಸದ ಸ್ಥಳದ ಕಿರುಕುಳಕ್ಕೆ ಕಾನೂನಿನ ನೆರವು ಪಡೆಯುವುದು ಹೇಗೆ?

ಮದ್ದೂರು ಕಡೆಯ ಹಳ್ಳಿಯೊಂದರಿಂದ ಬೆಳಗಿನ ಆರೂವರೆಯ ವ್ಯಾನಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನ ಕಚೇರಿಗೆ ಬಂದು ಕುಳಿತಾಗ ಮೊದಲು ಹೇಳಿದ ಮಾತು, "ಅವ್ರೇ ಬರ್ದಿಟ್ಟಿದ್ರು ಮೇಡಂ, ನಾನು ಸೈನ್ ಹಾಕ್ಬುಟ್ಟೆ" ಎಂಬುದು. ಅವಳು ಸಹಿ ಹಾಕಿದ್ದು ರಾಜೀನಾಮೆ ಪತ್ರಕ್ಕೆ. ಫ್ಲೋರ್ ಇನ್‌ಚಾರ್ಜ್ ರಾತ್ರಿ ಹೊತ್ತು ಕಳುಹಿಸುತ್ತಿದ್ದ ಸಂದೇಶಗಳನ್ನು, ಗಂಡ ನೋಡಿಬಿಟ್ಟಾನೆಂಬ ಭಯಕ್ಕೆ, ಅವಳು ಆಗಲೇ ಅಳಿಸಿ ಹಾಕಿದ್ದಳು. ಕೊನೆಯ ಘಟನೆ ನಡೆದು ನಾಲ್ಕು ತಿಂಗಳಾಗಿತ್ತು. ಕೈಯಲ್ಲಿ ಏನೂ ಇಲ್ಲವೆಂದೇ ಇಬ್ಬರೂ ತಿಳಿದಿದ್ದೆವು. ಆದರೆ ಮಾತಿನ ನಡುವೆ ಅವಳ ಅಡುಗೆಮನೆಯ ಕ್ಯಾಲೆಂಡರಿನ ವಿಷಯ ಬಂತು. ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವ ಆ ಕ್ಯಾಲೆಂಡರಿನಲ್ಲಿ, ಲೀಟರಿನ ಅಂಕಿಯ ಪಕ್ಕದಲ್ಲೇ, ಅವನಿಂದ ತೊಂದರೆಯಾದ ದಿನಗಳಿಗೆಲ್ಲ ಅವಳು ನೀಲಿ ಪೆನ್ನಿನಲ್ಲಿ ಸಣ್ಣದೊಂದು ಅಡ್ಡಗೆರೆ ಎಳೆದಿಟ್ಟಿದ್ದಳು. ದೂರಿನ ತಾರೀಖುಗಳೆಲ್ಲ ಸಿಕ್ಕಿದ್ದು ಅಲ್ಲಿಂದ.

ಮೈಸೂರು, ಮಂಡ್ಯ ಭಾಗದಲ್ಲಿ ಇಂಥ ವಿಷಯಗಳನ್ನು ಹಿಡಿದು ಬರುವವರನ್ನು ಕಂಡು ನನಗನ್ನಿಸಿರುವುದು ಇಷ್ಟು: ದೂರು ಬಿದ್ದುಹೋಗುವುದು ನ್ಯಾಯಾಲಯದಲ್ಲಲ್ಲ, ಮೊದಲ ಕೆಲವು ವಾರಗಳಲ್ಲಿ, ಮನೆಯ ಒಳಗೆ. "ಹೊಂದ್ಕೊಂಡು ಹೋಗು" ಎನ್ನುವ ಮನೆಯವರು, "ಬಾಯಿಮಾತಲ್ಲೇ ಮುಗಿಸೋಣ" ಎನ್ನುವ ಮೇಲಿನವರು, ಇವರ ನಡುವೆ ಕಾಗದಕ್ಕೆ ಬರಬೇಕಾದದ್ದು ಕಾಗದಕ್ಕೆ ಬರುವುದೇ ಇಲ್ಲ. ಆದ್ದರಿಂದ ಈ ಲೇಖನದ ಹೆಜ್ಜೆಗಳು ವಕೀಲರಿಂದಲ್ಲ, ನೋಟ್‌ಬುಕ್ಕಿನಿಂದ ಶುರುವಾಗುತ್ತವೆ.

ಮೊದಲ ಹೆಜ್ಜೆ: ಬರೆದಿಡುವುದು

ಘಟನೆ ನಡೆದ ದಿನವೇ ತಾರೀಖು, ಸಮಯ, ಜಾಗ, ಹತ್ತಿರದಲ್ಲಿ ಯಾರಿದ್ದರು ಎಂಬುದನ್ನು ಬರೆಯಿರಿ. ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕು. "ಅಸಭ್ಯವಾಗಿ ಮಾತನಾಡಿದರು" ಎಂದು ಬರೆದರೆ ವಿಚಾರಣೆ ನಡೆಸುವವರಿಗೆ ಏನೂ ತಿಳಿಯುವುದಿಲ್ಲ. ಆ ಮಾತು ಎಷ್ಟೇ ಹೊಲಸಾಗಿದ್ದರೂ ಅದೇ ಮಾತು ಕಾಗದದ ಮೇಲಿರಬೇಕು. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಕಳುಹಿಸಿದವರ ಸಂಖ್ಯೆ ಮತ್ತು ದಿನಾಂಕ ಎರಡೂ ಕಾಣುವಂತೆ ನೋಡಿಕೊಳ್ಳಿ. ಸ್ಕ್ರೀನ್‌ಶಾಟ್ ಇದೆಯೆಂದು ಮೂಲ ಸಂದೇಶವನ್ನು ತೆಗೆದುಹಾಕಬೇಡಿ, ಆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಲೂ ಬೇಡಿ. ನ್ಯಾಯಾಲಯದವರೆಗೆ ಹೋದರೆ, ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಂತೆ ಇಂಥ ಎಲೆಕ್ಟ್ರಾನಿಕ್ ದಾಖಲೆಗಳ ಪ್ರತಿಯ ಜೊತೆಗೆ ಒಂದು ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ. ಮೂಲ ಫೋನ್ ಇದ್ದರೆ ಆ ಕೆಲಸ ಸಲೀಸು.

ನೀವು ಅಲ್ಲಿ ಕೆಲಸ ಮಾಡುತ್ತಿದ್ದಿರಿ ಎಂಬುದಕ್ಕೆ ದಾಖಲೆ ಬೇಕು. ನೇಮಕಾತಿ ಪತ್ರ, ಗುರುತಿನ ಚೀಟಿ, ಸಂಬಳದ ಚೀಟಿ, ಇಎಸ್ಐ ಸಂಖ್ಯೆ, ಪಿಎಫ್ ಖಾತೆಯ ವಿವರ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸಂಬಳ ಜಮಾ ಆದ ಪುಟ, ಇವುಗಳಲ್ಲಿ ಸಿಕ್ಕಷ್ಟನ್ನು ಒಂದು ಕಡೆ ಸೇರಿಸಿಡಿ. ಹೆಬ್ಬಾಳ, ಹೂಟಗಳ್ಳಿ, ನಂಜನಗೂಡು, ತೂಬಿನಕೆರೆ ಕೈಗಾರಿಕಾ ಪ್ರದೇಶಗಳಲ್ಲಿ ಗುತ್ತಿಗೆ ಕೆಲಸದವರು ಬಹಳ; ಅಂಥವರು ಗುತ್ತಿಗೆದಾರನ ಹೆಸರು ಮತ್ತು ಕೆಲಸ ನಡೆಯುತ್ತಿದ್ದ ಮೂಲ ಸಂಸ್ಥೆಯ ಹೆಸರು ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಎರಡನೆಯ ಹೆಜ್ಜೆ: ಅವಸರದ ರಾಜೀನಾಮೆ ಬೇಡ

ಅವಮಾನ ತಡೆಯಲಾರದೆ ಕೆಲಸ ಬಿಡುವುದು ಮನುಷ್ಯಸಹಜ, ಅದನ್ನು ತಪ್ಪೆನ್ನಲಾರೆ. ಆದರೆ "ವೈಯಕ್ತಿಕ ಕಾರಣಗಳಿಂದ" ಎಂದು ಬರೆದುಕೊಟ್ಟ ಒಂದು ಸಾಲು ಮುಂದೆ ಎದುರುಪಕ್ಷದ ಅತಿ ದೊಡ್ಡ ಸಾಕ್ಷಿಯಾಗುತ್ತದೆ. ಖಾಲಿ ಹಾಳೆಗೆ ಸಹಿ ಹಾಕಬೇಡಿ; ಇಂಗ್ಲಿಷಿನಲ್ಲಿ ಬರೆದದ್ದು ಅರ್ಥವಾಗದಿದ್ದರೆ ಮನೆಗೆ ತೆಗೆದುಕೊಂಡು ಹೋಗಿ ಓದಿಸಿಕೊಂಡು ಬರುತ್ತೇನೆಂದು ಹೇಳಿ. ಬಲವಂತದಿಂದ ಸಹಿ ಹಾಕಿಸಿಕೊಂಡಿದ್ದರೆ ಅದೇ ದಿನ, ತಪ್ಪಿದರೆ ಮರುದಿನ, "ಇಂಥ ದಿನ, ಇಂಥವರು, ಇಂಥ ಒತ್ತಡ ಹಾಕಿ ಸಹಿ ಪಡೆದಿದ್ದಾರೆ, ಇದು ನನ್ನ ಸ್ವಇಚ್ಛೆಯ ರಾಜೀನಾಮೆಯಲ್ಲ" ಎಂದು ಆಡಳಿತ ವರ್ಗಕ್ಕೆ ಇ-ಮೇಲ್ ಅಥವಾ ಸ್ಪೀಡ್ ಪೋಸ್ಟ್ ಮೂಲಕ ತಿಳಿಸಿ, ಅಂಚೆ ರಸೀದಿಯನ್ನು ಜೋಪಾನ ಮಾಡಿ.

ಮೂರನೆಯ ಹೆಜ್ಜೆ: ಯಾವ ಬಾಗಿಲು ತಟ್ಟಬೇಕು?

ಕೆಲಸದ ಸ್ಥಳದ ಎಲ್ಲ ಬಗೆಯ ತಾರತಮ್ಯಕ್ಕೂ ಅನ್ವಯಿಸುವ ಒಂದೇ ಕಾನೂನು ನಮ್ಮಲ್ಲಿಲ್ಲ. ಸಂವಿಧಾನದ 14, 15 ಮತ್ತು 16ನೇ ವಿಧಿಗಳ ಸಮಾನತೆಯ ಮಾತು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತದೆಯೇ ಹೊರತು ಖಾಸಗಿ ಮಾಲೀಕನನ್ನು ನೇರವಾಗಿ ಅಲ್ಲ. ಆದ್ದರಿಂದ ನಿಮಗೆ ಆಗಿರುವ ತೊಂದರೆಯ ಹೆಸರೇನು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಒಂದೊಂದಕ್ಕೂ ಬಾಗಿಲು ಬೇರೆ, ಗಡುವು ಬೇರೆ.

ಲೈಂಗಿಕ ಕಿರುಕುಳವಾದರೆ ದಾರಿ ಹೆಚ್ಚು ಸ್ಪಷ್ಟವಾಗಿದೆ. ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ಪ್ರಕರಣದಲ್ಲಿ ಕೊಟ್ಟ ಮಾರ್ಗಸೂಚಿಗಳೇ ಮುಂದೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಾದವು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿಯೊಂದು ಕಡೆಯೂ ಇಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿಯೇ ಅದರ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನಿಂದ ಒಬ್ಬ ಸದಸ್ಯರು ಇರಬೇಕೆಂಬುದು ನಿಯಮ. ಸಮಿತಿಯನ್ನೇ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ ವಿಧಿಸಬಹುದು. ಕಾಯಂ ಉದ್ಯೋಗಿಗಳು ಮಾತ್ರವಲ್ಲ, ದಿನಗೂಲಿಯವರು, ಗುತ್ತಿಗೆಯವರು, ತರಬೇತಿಗೆ ಬಂದ ಹುಡುಗಿಯರೂ ದೂರು ಕೊಡಬಹುದು. ಇನ್ನೊಂದು ವಿಷಯ ಬಹಳ ಜನರಿಗೆ ತಿಳಿಯದು: ಕೆಲಸಕ್ಕೆ ಹೋಗಿಬರಲು ಮಾಲೀಕರು ಒದಗಿಸುವ ವಾಹನವೂ ಈ ಕಾಯ್ದೆಯ ಲೆಕ್ಕದಲ್ಲಿ ಕೆಲಸದ ಸ್ಥಳವೇ. ವ್ಯಾನಿನಲ್ಲಿ ನಡೆದದ್ದು ಕಾರ್ಖಾನೆಯ ಗೇಟಿನ ಹೊರಗಿನ ಸಂಗತಿ ಎಂದು ಯಾರಾದರೂ ಕೈತೊಳೆದುಕೊಂಡರೆ ನಂಬಬೇಡಿ.

ದೇವರಾಜ ಅರಸು ರಸ್ತೆಯ ನಾಲ್ಕು ಜನರ ಅಂಗಡಿಯಲ್ಲಿ, ಸಣ್ಣ ಕ್ಲಿನಿಕ್ಕಿನಲ್ಲಿ, ಮನೆಗೆಲಸದಲ್ಲಿ ಇರುವವರಿಗೆ ಆಂತರಿಕ ಸಮಿತಿ ಇರುವುದಿಲ್ಲ. ಮಾಲೀಕನೇ ಆರೋಪಿಯಾದಾಗ ಆಂತರಿಕ ಸಮಿತಿಯ ಮೇಲೆ ಭರವಸೆ ಇಡಲೂ ಆಗದು. ಇಂಥವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಅದರ ವಿವರ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸಿಗುತ್ತದೆ. ಕೇಂದ್ರ ಸರ್ಕಾರದ ಶಿ-ಬಾಕ್ಸ್ ಜಾಲತಾಣದಲ್ಲೂ ದೂರು ದಾಖಲಿಸಲು ಅವಕಾಶವಿದೆ.

ಗಡುವನ್ನು ಮನಸ್ಸಿನಲ್ಲಿಡಿ. ಕೊನೆಯ ಘಟನೆ ನಡೆದ ಮೂರು ತಿಂಗಳೊಳಗೆ ದೂರು ಬರವಣಿಗೆಯಲ್ಲಿ ತಲುಪಬೇಕು. ತಡವಾದದ್ದಕ್ಕೆ ಒಪ್ಪುವಂಥ ಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ಮದ್ದೂರಿನ ಹೆಣ್ಣುಮಗಳ ದೂರನ್ನು ನಾವು ಹಾಕಿದ್ದು ಈ ಎರಡನೆಯ ಅವಧಿಯಲ್ಲಿ, ತಡವೇಕಾಯಿತು ಎಂಬುದಕ್ಕೇ ಪ್ರತ್ಯೇಕವಾಗಿ ಒಂದು ಪುಟ ಬರೆದು. ದೂರಿನ ಆರು ಪ್ರತಿ, ಜೊತೆಗೆ ದಾಖಲೆಗಳು, ಸಾಕ್ಷಿಗಳ ಹೆಸರು ಮತ್ತು ವಿಳಾಸ ಕೊಡಬೇಕು. ಬರೆಯಲು ಬಾರದವರಿಗೆ ಬರೆಯಲು ನೆರವಾಗುವುದು ಸಮಿತಿಯದೇ ಕರ್ತವ್ಯ. ದೂರಿನ ಪ್ರತಿ ಏಳು ಕೆಲಸದ ದಿನಗಳಲ್ಲಿ ಎದುರಿನವರಿಗೆ ಹೋಗುತ್ತದೆ, ಅವರು ಹತ್ತು ಕೆಲಸದ ದಿನಗಳಲ್ಲಿ ಉತ್ತರಿಸಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ವರದಿಯ ಮೇಲೆ ಮಾಲೀಕರು 60 ದಿನಗಳಲ್ಲಿ ಕ್ರಮ ಕೈಗೊಳ್ಳಬೇಕು. ಸಮಿತಿಯ ಮುಂದೆ ಎರಡೂ ಕಡೆಯವರು ವಕೀಲರನ್ನು ತರುವಂತಿಲ್ಲ. ಹಾಗೆಂದು ವಕೀಲರ ಸಲಹೆಯೇ ಬೇಡವೆಂದಲ್ಲ; ದೂರು ಬರೆಯುವಾಗ ಒಮ್ಮೆ ತೋರಿಸಿಕೊಂಡು ಹೋದರೆ ಒಳಗೆ ಒಬ್ಬರೇ ಕೂತಾಗ ಧೈರ್ಯವಿರುತ್ತದೆ.

ವಿಚಾರಣೆ ನಡೆಯುತ್ತಿರುವಾಗ ಅದೇ ಮನುಷ್ಯನ ಕೈಕೆಳಗೆ ಕೆಲಸ ಮಾಡುವ ಹಿಂಸೆ ಬೇಡವೆನಿಸಿದರೆ, ನಿಮ್ಮನ್ನಾಗಲಿ ಆತನನ್ನಾಗಲಿ ಬೇರೆ ವಿಭಾಗಕ್ಕೆ ಹಾಕುವಂತೆ, ನಿಮ್ಮ ಹಕ್ಕಿನ ರಜೆಯ ಜೊತೆಗೆ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ ಕೊಡುವಂತೆ, ನಿಮ್ಮ ಕೆಲಸದ ಬಗ್ಗೆ ಆತ ವರದಿ ಬರೆಯದಂತೆ ತಡೆಯಲು ಕೇಳಿಕೊಳ್ಳಬಹುದು. ಇದನ್ನು ಕೇಳಬೇಕಾದವರು ನೀವೇ, ಅದೂ ಬರವಣಿಗೆಯಲ್ಲಿ. ರಾಜಿಗೆ ಅವಕಾಶವಿದೆ, ಆದರೆ ನೀವು ಕೇಳಿದರೆ ಮಾತ್ರ. ಹಣ ಕೊಟ್ಟು ಮುಗಿಸುವ ರಾಜಿಯನ್ನು ಕಾಯ್ದೆ ಒಪ್ಪುವುದಿಲ್ಲ. "ಸುಳ್ಳು ದೂರು ಕೊಟ್ಟರೆ ನಿನಗೇ ಶಿಕ್ಷೆ" ಎಂಬ ಬೆದರಿಕೆಯನ್ನೂ ಕೇಳಬೇಕಾಗುತ್ತದೆ. ಕೆಟ್ಟ ಉದ್ದೇಶದಿಂದ, ಸುಳ್ಳೆಂದು ತಿಳಿದೇ ಕೊಟ್ಟ ದೂರಿಗೆ ಮಾತ್ರ ಆ ಮಾತು ಸಲ್ಲುತ್ತದೆ. ಸಾಕ್ಷಿ ಸಾಲದೆ ದೂರು ಸಾಬೀತಾಗದಿದ್ದರೆ ಅದು ಸುಳ್ಳು ದೂರಾಗುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 90 ದಿನಗಳಿವೆ.

ಸಮಿತಿಗೆ ಹೋದವರು ಪೊಲೀಸರ ಬಳಿ ಹೋಗಬಾರದೆಂದೇನಿಲ್ಲ. ಲೈಂಗಿಕ ಕಿರುಕುಳ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನ ಅಪರಾಧ, ಬೆನ್ನುಹತ್ತಿ ಕಾಡುವುದು 78ನೇ ಕಲಮಿನ ಅಪರಾಧ. ನೀವು ಬಯಸಿದರೆ ಪೊಲೀಸ್ ದೂರಿಗೆ ನೆರವಾಗುವುದೂ ಮಾಲೀಕರ ಕರ್ತವ್ಯಗಳಲ್ಲೊಂದು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಮಂಡ್ಯದವರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಮೈಸೂರು ನಗರದವರು ಪೊಲೀಸ್ ಆಯುಕ್ತರಿಗೆ ಅಂಚೆಯಲ್ಲಿ ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯವಿದೆ. ತಕ್ಷಣದ ಅಪಾಯವಿದ್ದರೆ 112, ಮಹಿಳೆಯರಿಗೆ 181.

2013ರ ಕಾಯ್ದೆ ಮಹಿಳೆಯರಿಗೆ ಮಾತ್ರ. ಗಂಡಸರಿಗೆ ಇಂಥ ತೊಂದರೆಯಾದರೆ ಸಂಸ್ಥೆಯ ಸೇವಾ ನಿಯಮಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಇದು ಕಾನೂನಿನ ಕೊರತೆ ಎಂದೇ ನನ್ನ ಅಭಿಪ್ರಾಯ.

ಜಾತಿ ಹಿಡಿದು ಅವಮಾನಿಸಿದರೆ

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರನ್ನು ಜಾತಿಯ ಹೆಸರಿನಿಂದ ಬೈದರೆ, ಬೇಕೆಂದೇ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಆ ಮಾತು ಬೇರೆಯವರ ಕಣ್ಣು ಕಿವಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಕ್ಯಾಂಟೀನಿನಲ್ಲಿ ಎಲ್ಲರೆದುರು ಬೈದದ್ದಕ್ಕೂ, ಬಾಗಿಲು ಹಾಕಿದ ಕ್ಯಾಬಿನ್ನಿನಲ್ಲಿ ಇಬ್ಬರೇ ಇದ್ದಾಗ ಬೈದದ್ದಕ್ಕೂ ಈ ಕಾಯ್ದೆಯಡಿ ಇರುವ ವ್ಯತ್ಯಾಸ ಬಹಳ ದೊಡ್ಡದು. ಆದ್ದರಿಂದ ಅಲ್ಲಿ ಯಾರು ಊಟಕ್ಕೆ ಕೂತಿದ್ದರು, ಯಾರು ಕೈ ತೊಳೆಯುತ್ತಿದ್ದರು ಎಂಬುದನ್ನೂ ಬರೆದಿಡಿ. ದೂರು ಕೊಡುವಾಗ ಜಾತಿ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ಎಫ್ಐಆರ್ ಹಾಕುವ ಮೊದಲು ಪ್ರಾಥಮಿಕ ವಿಚಾರಣೆ ಆಗಬೇಕೆಂದು ಕಾಯಿಸುವಂತಿಲ್ಲವೆಂದು ಕಾಯ್ದೆಯ 18ಎ ಕಲಮು ಹೇಳುತ್ತದೆ.

ಸಂಬಳ, ಹೆರಿಗೆ, ಅಂಗವೈಕಲ್ಯ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಹಳೆಯ ಕಾಯ್ದೆಗಳ ಹೆಸರು ಹಿಡಿದು ಅರ್ಜಿ ಬರೆಯುವವರು ಜಾಗರೂಕರಾಗಿರಬೇಕು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣಾದ ಕಾರಣಕ್ಕೆ ಕಡಿಮೆ ಕೂಲಿ ಕೊಡುವುದನ್ನು ಈಗ ವೇತನ ಸಂಹಿತೆ ನಿಷೇಧಿಸುತ್ತದೆ. ಹೆರಿಗೆ ಸೌಲಭ್ಯ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದವರಿಗೆ 26 ವಾರಗಳ ಸಂಬಳಸಹಿತ ರಜೆ ಮೊದಲಿನಂತೆಯೇ ಇದೆ, ಆ ರಜೆಯಲ್ಲಿರುವವರನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಇವೆರಡಕ್ಕೂ ಮೊದಲು ಹೋಗಬೇಕಾದದ್ದು ಕಾರ್ಮಿಕ ಇಲಾಖೆಯ ಕಚೇರಿಗೆ. ಅಂಗವಿಕಲರ ಹಕ್ಕುಗಳಿಗೆ 2016ರ ಕಾಯ್ದೆಯಿದೆ, ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಸರ್ಕಾರಿ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ.

ಲೈಂಗಿಕವೂ ಅಲ್ಲದ, ಜಾತಿಯದೂ ಅಲ್ಲದ, ದಿನನಿತ್ಯದ ಬೈಗುಳ, ಶೌಚಾಲಯಕ್ಕೆ ಹೋದದ್ದಕ್ಕೂ ಲೆಕ್ಕ ಕೇಳುವ ಸೂಪರ್‌ವೈಸರ್, ಮುಟ್ಟಲಾಗದ ಟಾರ್ಗೆಟ್, ಇಂಥ ಕಾಟಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕೆಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳುತ್ತದೆ; ಘಟನೆಯ ಒಂದು ವರ್ಷದೊಳಗೆ ಅಲ್ಲಿ ಅರ್ಜಿ ಕೊಡಬಹುದು. ಸಂಘವಿದ್ದರೆ ಸಂಘದ ಮೂಲಕ ಹೋಗುವುದು ಲೇಸು. ಕೊಲ್ಲುವ, ಹೊಡೆಯುವ ಬೆದರಿಕೆ ಬಂದರೆ ಅದು ಪೊಲೀಸರ ವಿಷಯ.

ನಾಲ್ಕನೆಯ ಹೆಜ್ಜೆ: ದುಡ್ಡಿಲ್ಲದಿದ್ದರೂ ವಕೀಲರು

"ವಕೀಲರಿಗೆ ಎಲ್ಲಿಂದ ಕೊಡೋದು?" ಎಂಬ ಪ್ರಶ್ನೆಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಉತ್ತರ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಅರ್ಜಿ ಕೊಡಬೇಕಾದದ್ದು ಮೈಸೂರು ಅಥವಾ ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ತಾಲ್ಲೂಕಿನವರು ತಮ್ಮ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವೆಗಳ ಸಮಿತಿಗೇ ಕೊಡಬಹುದು. ಮೊದಲು ಫೋನಿನಲ್ಲಿ ಕೇಳಿ ತಿಳಿಯಬೇಕೆಂದರೆ 15100.

ಹೋಗುವಾಗ ಆಧಾರ್ ಪ್ರತಿ, ನೋಟ್‌ಬುಕ್ಕಿನ ಪುಟಗಳು, ಕೆಲಸದ ದಾಖಲೆಗಳು, ಫೋನ್ ಇವಿಷ್ಟು ಜೊತೆಗಿರಲಿ. ನಡೆದದ್ದನ್ನು ತಾರೀಖಿನ ಕ್ರಮದಲ್ಲಿ ಒಂದೇ ಪುಟಕ್ಕೆ ಇಳಿಸಿಕೊಂಡು ಹೋದರೆ, ಒಂದೇ ದಿನ ಹತ್ತಾರು ಜನರ ಕಥೆ ಕೇಳುವ ವಕೀಲರಿಗೂ ಅನುಕೂಲ. ಅರ್ಜಿ ಎಲ್ಲಿಯೇ ಕೊಡಿ, ಸಮಿತಿಗಾಗಲಿ, ಠಾಣೆಗಾಗಲಿ, ಕಾರ್ಮಿಕ ಇಲಾಖೆಗಾಗಲಿ, ಇನ್ನೊಂದು ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ಹೋಗಿ. "ಇಟ್ಟೋಗಿ, ನೋಡ್ತೀವಿ" ಎಂದರೂ ಕದಲದೆ, ಆ ಪ್ರತಿಯ ಮೇಲೆ ದಿನಾಂಕ ಸಹಿತ ಸೀಲು ಬಿದ್ದ ಮೇಲೆಯೇ ಹೊರಗೆ ಬನ್ನಿ.